ಎಡಸುತ್ತು

ಲೆಕ್ಕ ನನಗೆ ಅಪ್ಪನಿಂದ ಬಂತು ಎಂದು ಇಪ್ಪತ್ತು ವರ್ಷದಿಂದ ಮೈಕು ಸಿಕ್ಕಲ್ಲೆಲ್ಲ ಹೇಳಿಕೊಂಡು ಬಂದಿದ್ದೇನೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಹೇಳಿದ್ದೇನೆ, ಶಿಕ್ಷಕರ ದಿನಾಚರಣೆಯಲ್ಲಿ ಹೇಳಿದ್ದೇನೆ, ಒಮ್ಮೆ ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಹೇಳಿ ಪಕ್ಕದವರ ಪಾಯಸ ಆರಿ ತಣ್ಣಗಾಗುವಂತೆ ಮಾಡಿದ್ದೇನೆ. ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ. ನಾನು ಲೆಕ್ಕದ ಟೀಚರು. ಅರ್ಧ ಉತ್ತರ ಬರೆದ ಮಕ್ಕಳಿಗೆ ಅರ್ಧ ಅಂಕ ಕೊಡುವಾಗಲೂ ಮುಖ ಗಂಟಿಕ್ಕುವವಳು. ಹಾಗಾಗಿ ನನ್ನ ಉತ್ತರವನ್ನು ನಾನೇ ಪೂರ್ತಿ ಮಾಡಬೇಕಾಗಿದೆ.

ತಮಿಳುನಾಡಿನ ಗಡಿಬೆಟ್ಟದ ಮೇಲಿರುವ ಪಣಕಹಳ್ಳಿಯ ನಮ್ಮ ಮನೆ ಎಂದರೆ ಒಂದು ಕೋಣೆ, ಮುಂದೆ ಒಂದು ಅಂಗಳ. ಅದೇ ಕೋಣೆಯಲ್ಲಿ ಅಡುಗೆ, ಅದೇ ಕೋಣೆಯಲ್ಲಿ ನಿದ್ದೆ. ಬಡಗಣ ಗೋಡೆಗೆ ಒಲೆ, ಒಲೆಯ ಪಕ್ಕ ರಾಗಿ ಬೀಸುವ ಕಲ್ಲು, ಮೂಲೆಯಲ್ಲಿ ನೀರಿನ ಬಿಂದಿಗೆಗಳು. ಬಟ್ಟೆ ಹಾಕುವ ಹಗ್ಗದ ಆಚೆ ಅಪ್ಪನ ಚಾಪೆ, ಈಚೆ ಅವ್ವನದು ಮತ್ತು ನನ್ನದು. ಓದಬೇಕೆಂದರೆ ಬಾಗಿಲಾಚೆಯ ಮೆಟ್ಟಿಲ ಮೇಲೆ ಕೂರಬೇಕು, ಕೋಳಿಗಳು ದಾಟುವಾಗ ಪುಸ್ತಕ ಎತ್ತಿಕೊಳ್ಳಬೇಕು. ಊರಿನ ಬಸ್ಸಿನ ಬೋರ್ಡು ತಮಿಳು, ಆ ಬಸ್ಸಿಗಾಗಿ ಕಾಯುವವರ ಬೈಗುಳ ಕನ್ನಡ. ನಾನು ಎರಡರಲ್ಲೂ ಚುರುಕಾಗಿದ್ದೆ. ಬಡತನವಿತ್ತು ಎಂದು ಬರೆದರೆ ಓದುವವರು ಅಯ್ಯೋ ಅನ್ನುತ್ತಾರೆ. ನನಗೆ ಆಗ ಹಾಗೇನೂ ಅನ್ನಿಸಿರಲಿಲ್ಲ. ನನ್ನಷ್ಟು ಬುದ್ಧಿವಂತೆ ಈ ಬೆಟ್ಟದ ಮೇಲೆ ಇನ್ನೊಬ್ಬಳಿಲ್ಲ ಎಂದು ನಂಬಿದ್ದೆ, ಆ ನಂಬಿಕೆಯಲ್ಲಿ ಹೊಟ್ಟೆ ತುಂಬಿಯೇ ಇರುತ್ತಿತ್ತು.

ಹೊಟ್ಟೆ ನಿಜವಾಗಿ ತುಂಬಿಸುತ್ತಿದ್ದದ್ದು ಅವ್ವ. ಅವಳು ಮಿಲ್ಲಿನ ಹಿಟ್ಟನ್ನು ನಂಬುತ್ತಿರಲಿಲ್ಲ. ಬಸ್ಸು ನಿಲ್ಲುವಲ್ಲಿ ಹಿಟ್ಟಿನ ಮಿಲ್ಲು ಬಂದು ವರ್ಷಗಳಾಗಿದ್ದರೂ, ಅಲ್ಲಿ ಹಾಕಿಸಿದ ಹಿಟ್ಟು ಬಿಸಿಗೆ ಸತ್ತುಹೋಗುತ್ತದೆ, ಮುದ್ದೆ ರುಚಿ ಕೊಡುವುದಿಲ್ಲ ಎಂದು ದಿನಾ ಬೆಳಿಗ್ಗೆ ಎದ್ದು ಒಂದು ಸೇರು ರಾಗಿಯನ್ನು ತಾನೇ ಬೀಸುತ್ತಿದ್ದಳು. ಬೀಸುವಾಗ ಹೆಂಗಸರು ಪದ ಹೇಳುತ್ತಾರೆ ಎಂದು ಆಮೇಲೆ ಪುಸ್ತಕಗಳಲ್ಲಿ ಓದಿದೆ. ನಮ್ಮವ್ವ ಹೇಳುತ್ತಿದ್ದದ್ದು ಬೈಗುಳ. ನೆನ್ನೆ ಯಾರು ತನಗೆ ಏನಂದರು, ಅದಕ್ಕೆ ತಾನು ಏನು ಅನ್ನಬೇಕಿತ್ತು ಎಂಬುದೆಲ್ಲ ಆ ಗರಗರ ಸದ್ದಿನ ಜೊತೆಗೇ ಬರುತ್ತಿತ್ತು. ಕಲ್ಲಿನ ಸದ್ದಿಗೆ ನಾನು ಎಂದೂ ಏಳುತ್ತಿರಲಿಲ್ಲ, ಅದು ನಿಂತಾಗ ಏಳುತ್ತಿದ್ದೆ. ಹದಿನೇಳು ವರ್ಷ ಅದರ ಪಕ್ಕದಲ್ಲೇ ಮಲಗಿದ್ದರೂ ಅದನ್ನು ಒಮ್ಮೆ ಸರಿಯಾಗಿ ನೋಡಿದವಳಲ್ಲ. ಅವ್ವನಿಗೆ ಇನ್ನೊಂದು ಅಭ್ಯಾಸವಿತ್ತು. ಅಪ್ಪ ಎದುರಿಗೇ ಕೂತಿದ್ದರೂ ಅವನಿಗೆ ಹೇಳಬೇಕಾದದ್ದನ್ನು ನನಗೆ ಹೇಳುತ್ತಿದ್ದಳು.

“ಉಪ್ಪು ಸಾಲ್ದಾ ಅಂತ ಕೇಳು ಕೂಸೆ.”

“ಸಾಕು ಅಂತ ಏಳು,” ಎನ್ನುತ್ತಿದ್ದ ಅಪ್ಪ, ಅವನೂ ನನಗೇ.

ಅಪ್ಪ ವರ್ಷದ ಹತ್ತು ತಿಂಗಳು ಎಲ್ಲರಂತೆ ಕೂಲಿಗೆ ಹೋಗುವವನು. ಬೀಟ್‌ರೂಟ್ ಕಳೆ, ಮುಸುಕಿನ ಜೋಳದ ಕಟಾವು, ಯಾರು ಕರೆದರೆ ಅವರ ಹೊಲ. ರಾಗಿ ಕೊಯ್ಲಿನ ಎರಡು ತಿಂಗಳು ಮಾತ್ರ ಜನ ಅವನ ಹೆಸರು ಹಿಡಿದು ಹುಡುಕಿಕೊಂಡು ಬರುತ್ತಿದ್ದರು. ಒಕ್ಕಣೆಯ ಕಣ ಮಾಡುವುದರಲ್ಲಿ ಸುತ್ತ ನಾಲ್ಕೂರಿಗೆ ಅವನೇ. ನೆಲ ಕೆತ್ತಿ, ನೀರು ಹೊಯ್ದು, ಬಡಿದು, ಸಗಣಿ ಸಾರಿಸಿದರೆ ಕಣ ಆಯಿತು ಎಂದು ತಿಳಿದವರು ಬೇಕಾದಷ್ಟು ಜನ ಇದ್ದರು. ಅಪ್ಪನ ಕಣ ಹಾಗಲ್ಲ. ಮೊದಲು ನಡುವಿಗೆ ಹಾಲು ಸುರಿಯುವ ಜಾತಿಯ ಮರದ ಒಂದು ಕಂಬ, ಅದು ಮೇಟಿ. ಮೇಟಿಗೆ ಕುಣಿಕೆ ಹಾಕಿದ ನಾಲ್ಕು ಮಾರು ಹಗ್ಗ. ಹಗ್ಗಕ್ಕೆ ಮೊಳಕ್ಕೊಂದರಂತೆ ಹದಿನಾರು ಗಂಟು. ತುದಿಯಲ್ಲಿ ಗೂಟ ಹಿಡಿದು ಒಂದು ಸುತ್ತು ಬಂದರೆ ದುಂಡನೆಯ ಗೆರೆ ಬಿತ್ತು. ಆಮೇಲೆ ಹಗ್ಗವನ್ನು ಮೇಟಿಯಿಂದ ಬಿಡಿಸಿ, ಆ ಗೆರೆಯ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಿಗಿಯಾಗಿ ಎಳೆದು ಅಳೆಯುತ್ತಿದ್ದ. ಸರಿಯಾಗಿ ಆರು ಸಲ ಬರುತ್ತಿತ್ತು. ಆರು ಕಡೆ ಕಲ್ಲಿಟ್ಟು, ನಡುನಡುವೆ ಇನ್ನಾರು ಕಲ್ಲಿಡುತ್ತಿದ್ದ. ಹನ್ನೆರಡು ಆಳು ಹನ್ನೆರಡು ಕಲ್ಲಿನಿಂದ ತೆನೆ ಹರಡಿಕೊಂಡು ಬಂದರೆ ಕಣದ ತುಂಬ ಒಂದೇ ಮಂದ ಎಂಬುದು ಅವನ ಲೆಕ್ಕ. ಶಾಲೆಗೆ ಹೋಗದ ಮನುಷ್ಯ.

ಆ ಕಣಕ್ಕೊಂದು ಕಟ್ಟಳೆ ಇತ್ತು. ಮೂಡಲ ಕಲ್ಲು ಮೊದಲನೆಯದು. ಅಲ್ಲಿಂದ ತೆಂಕಲಿಗೆ, ಆಮೇಲೆ ಪಡುವಲಿಗೆ, ಆಮೇಲೆ ಬಡಗಲಿಗೆ. ದೇವಸ್ಥಾನ ಸುತ್ತಿದ ಹಾಗೆ ಬಲಸುತ್ತು. ತೆನೆಯ ಮೇಲೆ ಕಲ್ಲಿನ ಗುಂಡು ಎಳೆಯುವ ಎತ್ತೂ ಹಾಗೇ, ತೆನೆ ಹರಡುವ ಆಳೂ ಹಾಗೇ, ಸಗಣಿ ಬಳಿಯುವ ಕೈಯೂ ಹಾಗೇ. ಎಡಸುತ್ತು ಬರುವುದು ಹೆಣದ ಸುತ್ತ ಮಾತ್ರ. ಮೇಟಿಗೆ ಪೂಜೆ ಆದ ಮೇಲೆ ಚಪ್ಪಲಿ ಕಾಲು ಕಣಕ್ಕೆ ಬೀಳಬಾರದು, ಹೆಂಗಸರೂ ಕಣದೊಳಕ್ಕೆ ಕಾಲಿಡಬಾರದು. ಅವ್ವ ಅಂಚಿನಲ್ಲಿ ನಿಂತು ಬುತ್ತಿ ಇಟ್ಟು ಹೋಗುತ್ತಿದ್ದಳು. ನನ್ನನ್ನು ಮಾತ್ರ ಅಪ್ಪ ಹೆಂಗಸೆಂದು ಎಣಿಸಿರಲಿಲ್ಲ, ಇನ್ನೂ ಕೂಸು ಅನ್ನುತ್ತಿದ್ದ. ನಡೆಯಲು ಕಲಿತಾಗಿನಿಂದ ಗಂಟಿನ ಹಗ್ಗದ ಇನ್ನೊಂದು ತುದಿ ಹಿಡಿಯುವವಳು ನಾನೇ.

ಹೀಗಿರುವಾಗ, ಹನ್ನೆರಡನೆಯ ತರಗತಿಯಲ್ಲಿ ಲೆಕ್ಕದ ಸಾರ್ ಬೋರ್ಡಿನ ಮೇಲೆ ಒಂದು ಚುಕ್ಕೆ ಇಟ್ಟರು. ಅವರು ಘಾಟಿಯ ಕೆಳಗಿನವರು, ತಮಿಳರು; ನಮ್ಮ ಶಾಲೆಗೆ ಬಂದ ಮೇಲೆ ಕನ್ನಡ ಕಲಿತು, ಕಲಿತದ್ದನ್ನು ತಪ್ಪಿಲ್ಲದೆ ಆಡಬೇಕೆಂದು ಪುಸ್ತಕದ ಹಾಗೆ ಮಾತಾಡುತ್ತಿದ್ದರು. ಈ ಚುಕ್ಕೆ ಎಲ್ಲಿದೆ ಎಂಬುದನ್ನು ಎರಡು ಬಗೆಯಲ್ಲಿ ಹೇಳಬಹುದು ಎಂದರು. ಬಲಕ್ಕೆ ಇಷ್ಟು, ಮೇಲಕ್ಕೆ ಇಷ್ಟು ಅನ್ನುವುದು ಒಂದು. ನಡುವಿನಿಂದ ಇಷ್ಟು ದೂರ, ಇಷ್ಟು ಡಿಗ್ರಿ ತಿರುಗು ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಧ್ರುವೀಯ ನಿರ್ದೇಶಾಂಕ ಎಂದು ಹೆಸರು, ಸಾರ್ ಬಾಯಲ್ಲಿ ಪೋಲಾರ್. ಒಂದನ್ನು ಇನ್ನೊಂದಾಗಿ ಮಾಡುವುದು ಪರಿವರ್ತನೆ, ಮಾಡಿದ್ದನ್ನು ಹಿಂದಕ್ಕೆ ತರುವುದು ವಿಲೋಮ ಪರಿವರ್ತನೆ. ಇಡೀ ತರಗತಿ ಕಣ್ಣು ಪಿಳಿಪಿಳಿ ಬಿಡುತ್ತಿತ್ತು. ನನಗೆ ನಗು ಬಂತು. ಮೇಟಿಯಿಂದ ಎಷ್ಟು ಗಂಟು, ಎಷ್ಟನೆಯ ಕಲ್ಲು ಎಂಬುದನ್ನು ನಮ್ಮಪ್ಪ ಓದು ಬರದೆಯೇ ಹೇಳುತ್ತಾನೆ, ಇದಕ್ಕೆ ಇಷ್ಟು ದೊಡ್ಡ ಹೆಸರೇ ಎಂದುಕೊಂಡೆ. ಒಂದು ಕಲ್ಲಿಗೆ ಮೂವತ್ತು ಡಿಗ್ರಿ, ಮುಗಿಯಿತು.

ಘಾಟಿಯ ಕೆಳಗೆ ಒಂದು ಕಾಲೇಜು ಇತ್ತು. ಬೆಟ್ಟದ ಶಾಲೆಗಳಿಂದ ಒಬ್ಬ ಹುಡುಗಿಗೆ ಹಾಸ್ಟೆಲ್ಲು, ಊಟ, ಓದು ಎಲ್ಲ ಅವರದೇ. ಅದಕ್ಕೆ ಲೆಕ್ಕದ ಒಂದು ಪರೀಕ್ಷೆ, ಪೊಂಗಲ್ ಕಳೆದ ಭಾನುವಾರ. ಸಾರ್ ನನ್ನ ಹೆಸರು ಕಳುಹಿಸಿದರು. ಅಪ್ಪನಿಗೆ ಇದು ಪೂರ್ತಿ ಇಷ್ಟವೂ ಇಲ್ಲ, ಪೂರ್ತಿ ಬೇಡವೂ ಇಲ್ಲ. ಒಂದು ರಾತ್ರಿ ಊಟ ಮಾಡುತ್ತಾ ಅವನ ತೀರ್ಮಾನ ಹೇಳಿದ.

“ಸಾರು ನಮ್ಮ ಅಂಗಳಕ್ಕೆ ಬಂದು, ನಿನ್ ಮಗಳಿಗೆ ಲೆಕ್ಕ ಬತ್ತದ ಅಂತ ಬಾಯಾರ ಏಳ್ಲಿ. ಕೆಳೀಕ್ ಕಳುಸ್ತಿನಿ. ಅವ್ರು ಏಳ್ಲಿಲ್ವಾ, ಅನ್ನೆಲ್ಡು ಮುಗುಸ್ಕಂಡು ನಿಮ್ಮವ್ವನ ಜೊತೆ ಕಳೆಗೆ ಓಗು.”

ಅವ್ವ ಅಪ್ಪನ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಸಾರು ಬಿಟ್ಟಳು. ಅವಳು ಒಪ್ಪಿದ್ದಾಳೆ ಎಂದು ನನಗೆ ಗೊತ್ತಾಯಿತು.

ಸಾರ್ ಇಪ್ಪತ್ತು ಲೆಕ್ಕಗಳ ಒಂದು ಹಾಳೆ ಬರೆದುಕೊಟ್ಟರು. ಹತ್ತು ಹೋಗುವ ಲೆಕ್ಕ, ಅಂದರೆ ಪರಿವರ್ತನೆ; ಹತ್ತು ಬರುವ ಲೆಕ್ಕ, ಅಂದರೆ ವಿಲೋಮ. ಆ ವರ್ಷ ನಮ್ಮ ಅಂಗಳಕ್ಕೆ ಅಂಟಿಕೊಂಡೇ ಇದ್ದ, ಊರಿನ ಜಮೀನುದಾರರಾದ ಒಡೆಯರ ಜಾಗದಲ್ಲಿ ಅಪ್ಪ ಹೊಸ ಕಣ ಮಾಡಿದ್ದ. ಪೂಜೆಗೆ ಇನ್ನೂ ನಾಲ್ಕು ದಿನವಿತ್ತು. ನಾನು ಮೇಟಿಯ ಮೂಲಕ ಮೂಡಲಿನಿಂದ ಪಡುವಲಿಗೆ ಬೂದಿಯಲ್ಲಿ ಒಂದು ನಡುಗೆರೆ ಎಳೆದು, ಹಗ್ಗ ಹಿಡಿದು, ಇಪ್ಪತ್ತನ್ನೂ ಕಣದ ಮೇಲೇ ನಡೆದು ಬಿಡಿಸಿದೆ. ದೂರ ಹತ್ತು, ತಿರುವು ಮೂವತ್ತು ಡಿಗ್ರಿ ಎಂದರೆ, ಮೂಡಲ ಕಲ್ಲಿನಿಂದ ಬಲಸುತ್ತಿಗೆ ಒಂದು ಕಲ್ಲು, ಅಲ್ಲಿ ಹತ್ತನೆಯ ಗಂಟು. ಅಲ್ಲಿಂದ ನಡುಗೆರೆಗೆ ಅಳೆದರೆ ಸರಿಯಾಗಿ ಐದು ಗಂಟು, ತೆಂಕಲಿಗೆ. ತೆಂಕಲೆಂದರೆ ಕೆಳಗೆ, ಅಂದರೆ ಮೈನಸ್ ಐದು. ಪುಸ್ತಕದ ಸೂತ್ರ ಹಾಕಿದರೆ ಪ್ಲಸ್ ಐದು ಬರುತ್ತಿತ್ತು. ನಾನು ಕಣ ನೋಡಿದೆ, ಸೂತ್ರ ನೋಡಿದೆ. ಕಣವನ್ನು ಅಪ್ಪ ಮಾಡಿದ್ದು. ಸೂತ್ರವನ್ನು ಯಾರು ಮಾಡಿದ್ದೋ. ಪಕ್ಕದಲ್ಲಿ “ಸೂತ್ರದಲ್ಲಿ ಚಿಹ್ನೆ ತಪ್ಪಿದೆ” ಎಂದು ಪೆನ್ನಿನಲ್ಲೇ ಬರೆದೆ. ಸುಮ್ಮನೆ ಬರೆದದ್ದಲ್ಲ, ತಾಳೆ ನೋಡಿ ಬರೆದದ್ದು. ಪ್ರತಿ ಲೆಕ್ಕವನ್ನೂ ಹೋಗಿ, ಅಲ್ಲಿಂದ ತಿರುಗಿ ಬಂದು ನೋಡುತ್ತಿದ್ದೆ. ಪ್ರತಿ ಸಲವೂ ಹೊರಟ ಜಾಗಕ್ಕೇ ಬರುತ್ತಿದ್ದೆ. ಹೋಗುವಾಗ ಮಾಡಿದ ತಪ್ಪನ್ನೇ ಬರುವಾಗಲೂ ಮಾಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ ಎಂಬುದು ಆಗ ನನಗೆ ಹೊಳೆಯಲಿಲ್ಲ. ಇಂದಿಗೂ ನನ್ನ ಮಕ್ಕಳಿಗೆ ಇದನ್ನು ಅರ್ಥ ಮಾಡಿಸುವುದರಲ್ಲಿ ಒಂದು ವಾರ ಹೋಗುತ್ತದೆ.

ಮಂಗಳವಾರ ಸಾಯಂಕಾಲ ಸಾರ್ ಮೊಪೆಡ್ಡಿನಲ್ಲಿ ಬಂದರು. ಅಷ್ಟರಲ್ಲಿ ಮೇಟಿಗೆ ಪೂಜೆ ಆಗಿತ್ತು. ಮಾರನೆಯ ದಿನ ಒಡೆಯರ ರಾಗಿ ಕಣಕ್ಕೆ ಬೀಳುವುದಿತ್ತು. ಅಪ್ಪ ಒಗೆದ ಅಂಗಿ ಹಾಕಿಕೊಂಡು, ಅಂಗಳಕ್ಕೆ ತಾನೇ ನೀರು ಚಿಮುಕಿಸಿ ಕಾದಿದ್ದ. ಅವ್ವ ಎಲ್ಲಿಂದಲೋ ಹಾಲು ತಂದು ಕಾಫಿ ಕಾಸಿದಳು. ಸಾರ್ ಕಾಫಿ ಕುಡಿದು ಲೋಟ ಇಡುವುದನ್ನೇ ಕಾಯುತ್ತಿದ್ದ ಅಪ್ಪ ಕೇಳಿದ.

“ನಮ್ ಕೂಸ್ಗೆ ಲೆಕ್ಕ ಬತ್ತದಾ ಸಾರ್?”

ಸಾರ್ ಸುಳ್ಳು ಹೇಳುವ ಮನುಷ್ಯರಲ್ಲ. ನಾನು ಬಿಡಿಸಿ ಕೊಟ್ಟಿದ್ದ ಹಾಳೆಯನ್ನು ಜೇಬಿನಿಂದ ತೆಗೆದರು.

“ಇಪ್ಪತ್ತರಲ್ಲಿ ಮೂರು ಸರಿ, ಅಯ್ಯಾ. ಹದಿನೇಳು ತಪ್ಪು.”

ಅಪ್ಪ ನನ್ನ ಕಡೆ ನೋಡಲಿಲ್ಲ. ಅವ್ವ ಬಾಗಿಲ ಒಳಕ್ಕೆ ಸರಿದಳು. ನನ್ನ ಕಿವಿ ಸುಡತೊಡಗಿತು. ನಾಚಿಕೆಯಿಂದಲ್ಲ, ಸಿಟ್ಟಿನಿಂದ.

“ಆದರೆ ಮಾದೇವಿ,” ಎಂದರು ಸಾರ್, “ದಡ್ಡರು ಹೀಗೆ ತಪ್ಪು ಮಾಡುವುದಿಲ್ಲಮ್ಮಾ. ಎಲ್ಲ ಕನ್ನಡಿಯೊಳಗೆ ನೋಡಿದ ಹಾಗೆ ತಿರುಗಿವೆ. ನಡುಗೆರೆಯ ಮೇಲಿರುವ ಮೂರು ಮಾತ್ರ ಸರಿ. ಹೇಗೆ ಮಾಡಿದೆ, ತೋರಿಸು.”

ನಾನು ಕಣದ ಅಂಚಿಗೆ ಕರೆದುಕೊಂಡು ಹೋಗಿ, ಮೂಡಲ ಕಲ್ಲು, ಗಂಟಿನ ಹಗ್ಗ, ಬಲಸುತ್ತು ಎಲ್ಲ ತೋರಿಸಿದೆ. ಸಾರ್ ಮುಖ ಅರಳಿತು. ಅವರಿಗೆ ಎಷ್ಟು ಖುಷಿಯಾಯಿತೆಂದರೆ ಚಪ್ಪಲಿ ಬಿಡುವುದನ್ನೂ ಮರೆತು ಕಣದೊಳಗೆ ಹೆಜ್ಜೆ ಇಟ್ಟರು.

“ಇಷ್ಟೇ ವಿಷಯ. ಗಣಿತದಲ್ಲಿ ಈ ಕಡೆ ತಿರುಗಬೇಕು, ಎಡಕ್ಕೆ. ಮೂಡಲಿನಿಂದ ಬಡಗಲಿಗೆ. ಹೀಗೆ ನಾಲ್ಕು ಸಲ ನಡೆದುಬಿಡು, ಕಾಲು ತಾನೇ ಕಲಿಯುತ್ತದೆ,” ಎನ್ನುತ್ತಾ ಮೇಟಿಯ ಸುತ್ತ ಎಡಸುತ್ತು ಹೊರಟೇಬಿಟ್ಟರು. ಚಪ್ಪಲಿ ಕಾಲಲ್ಲಿ, ಒಂದು ಪೂರ್ತಿ ಸುತ್ತು.

ಅಪ್ಪ ಮೇಷ್ಟರನ್ನು ಬೈಯುವ ಜಾಯಮಾನದವನಲ್ಲ. ಎರಡು ಕೈ ಜೋಡಿಸಿದ.

“ಸಾರ್, ಚೆಪ್ಲಿ. ಈಚೆ ಬನ್ನಿ ಸಾರ್. ಅಂಗೆ ಸುತ್ತೋದು ಎಣಕ್ಕೆ.”

ಸಾರ್ ನಿಂತರು. ಅವರ ಮುಖದ ನಗು ಇಳಿದದ್ದು ನನಗೆ ಈಗಲೂ ಕಾಣುತ್ತದೆ. ತಪ್ಪಾಯಿತು ಎಂದು ಎರಡು ಸಲ ಹೇಳಿ, ಚಪ್ಪಲಿ ಕೈಯಲ್ಲಿ ಹಿಡಿದು ಈಚೆ ಬಂದರು. ಹೋಗುವಾಗ ನನ್ನ ಕೈಗೆ ಲೆಕ್ಕದ ಹಾಳೆ ವಾಪಸು ಕೊಟ್ಟು, ಶುಕ್ರವಾರದೊಳಗೆ ಇಪ್ಪತ್ತನ್ನೂ ತಿರುಗಿ ಮಾಡಿಡು, ಬರುತ್ತೇನೆ ಎಂದರು. ಅವರ ಮೊಪೆಡ್ಡು ತಿರುವು ದಾಟಿದ ಮೇಲೆ ಅಪ್ಪ ಸಗಣಿ ಪುಟ್ಟಿ ಎತ್ತಿಕೊಂಡ. ಒಡೆಯರ ಕಿವಿಗೆ ಬೀಳುವ ಮುಂಚೆ ಕಣವನ್ನೆಲ್ಲ ಇನ್ನೊಮ್ಮೆ ಸಾರಿಸಬೇಕಿತ್ತು. ನಾನೂ ಒಂದು ಪುಟ್ಟಿ ಎತ್ತಿಕೊಳ್ಳಲು ಹೋದೆ.

“ನೀ ಬರ್ಬ್ಯಾಡ,” ಎಂದ.

ಅಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಹುಟ್ಟಿದಾಗಿನಿಂದ ಆ ಕೆಲಸ ನನಗೆ ಬಂದಿಲ್ಲ.

“ನಿನ್ ಕಣನೇ ತಪ್ಪು ಕಣಪ್ಪ. ಪ್ರಪಂಚವೆಲ್ಲ ಒಂದ್ ಕಡೆ ತಿರುಗ್ತದ, ನೀ ಇನ್ನೊಂದ್ ಕಡೆ ತಿರುಗ್ತಿದ್ದೀಯ. ನಿನ್ನಿಂದ್ಲೇ ನಂಗೆ ಅದ್ನೇಳು ತಪ್ಪಾಯ್ತು.”

ಅಪ್ಪ ಕೈ ಸಗಣಿಯೊಳಗೆ ಅದ್ದಿ, ಮೂಡಲ ಕಲ್ಲಿನಿಂದ ಬಲಕ್ಕೆ ಸಾರಿಸಲು ಶುರುಮಾಡಿದ. ಕತ್ತಲಾಗುವ ತನಕ ಸಾರಿಸಿದ. ಅವನ ಹೆಸರು ಇದ್ದದ್ದೇ ಆ ದುಂಡು ನೆಲದ ಮೇಲೆ, ಉಳಿದ ಹತ್ತು ತಿಂಗಳು ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ ಎಂಬುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಗೊತ್ತಿದ್ದೇ ಅಂದೆ. ಇಷ್ಟು ವರ್ಷದ ಮೇಲೂ ಆ ಮಾತು ನೆನಪಾದರೆ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಮನೆಗೆ ಬಂದು ಕೈ ತೊಳೆದುಕೊಂಡು ಅವನು ಹೇಳಿದ್ದು ಒಂದೇ ಮಾತು. ಅದೂ ಅವ್ವನಿಗೆ, ನೇರವಾಗಿ.

“ಕೆಳೀಕ್ ಓಗೋದು ಬ್ಯಾಡ. ಕಳೆಗೇ ಓಗ್ಲಿ.”

ಬುಧವಾರ ಇಡೀ ದಿನ ಅಪ್ಪ ನನ್ನ ಜೊತೆ ಮಾತಾಡಲಿಲ್ಲ. ಶಾಲೆಗೆ ರಜೆಯಿತ್ತು; ನಾನು ಮೆಟ್ಟಿಲ ಮೇಲೆ ಕೂತು ಕಾಗದದ ಮೇಲೆ ಎಡಕ್ಕೆ ತಿರುಗಲು ನೋಡಿದೆ. ಮೊದಲನೆಯ ಲೆಕ್ಕ ಸರಿಯಾಗಿ ತಿರುಗುತ್ತಿತ್ತು, ಎರಡನೆಯದಕ್ಕೆ ಬರುವಷ್ಟರಲ್ಲಿ ಪೆನ್ನು ತಾನಾಗಿಯೇ ಬಲಕ್ಕೆ ಹೋಗುತ್ತಿತ್ತು. ವಿಲೋಮದ ಲೆಕ್ಕಗಳಲ್ಲಂತೂ ಇನ್ನೊಂದು ಕಾಟ. ಬಲಕ್ಕೆ ಇಷ್ಟು, ಮೇಲಕ್ಕೆ ಇಷ್ಟು ಎಂದು ಕೊಟ್ಟಾಗ ಡಿಗ್ರಿ ಹುಡುಕಲು ಒಂದನ್ನು ಇನ್ನೊಂದರಿಂದ ಭಾಗಿಸಿ ಕೋನಗಳ ಪಟ್ಟಿ ನೋಡಬೇಕು. ಎರಡೂ ಪ್ಲಸ್ ಇದ್ದರೂ ಪಟ್ಟಿ ಹೇಳುವುದು ಮೂವತ್ತು, ಎರಡೂ ಮೈನಸ್ ಇದ್ದರೂ ಅದೇ ಮೂವತ್ತು. ಭಾಗಿಸುವಾಗ ಎರಡು ಮೈನಸ್ಸು ಒಂದನ್ನೊಂದು ತಿಂದುಹಾಕುತ್ತವೆ. ಚುಕ್ಕೆ ಮೇಟಿಯ ಈಚೆ ಇದೆಯೋ ಆಚೆ ಇದೆಯೋ ಎಂಬುದು ಆ ಉತ್ತರದಲ್ಲಿ ಇರುವುದೇ ಇಲ್ಲ. ಕಣದ ಮೇಲೆ ನಿಂತರೆ ಕಣ್ಣಿಗೆ ಕಾಣುತ್ತಿತ್ತು. ಕಣದ ಮೇಲೆ ಈಗ ರಾಗಿ ಬಿದ್ದಿತ್ತು, ಅಪ್ಪ ಅದರ ಪಕ್ಕ ನಿಂತಿದ್ದ.

ಗುರುವಾರ ಬೆಳಿಗ್ಗೆ ಕಲ್ಲಿನ ಸದ್ದು ನಿಂತಿತು. ನಾನು ಎಚ್ಚರವಾದೆ. ಅಪ್ಪ ಆಗಲೇ ಕಣಕ್ಕೆ ಹೋಗಿದ್ದ. ಅವ್ವ ಕಲ್ಲಿನ ಮುಂದೆ ಕಾಲು ಚಾಚಿ ಕೂತವಳು, ನನ್ನನ್ನೇ ನೋಡುತ್ತಿದ್ದಳು.

“ಯಾವ್ ಕಡೆ ತಿರುಗ್ಬೇಕು ಅಂದ್ರು ನಿಮ್ ಸಾರು? ಕೈಲಿ ತೋರ್ಸು.”

ನಾನು ಹಾಸಿಗೆಯಲ್ಲೇ ಗಾಳಿಯಲ್ಲಿ ಎಡಕ್ಕೆ ಬೆರಳು ಸುತ್ತಿಸಿದೆ.

“ನೋಡಿಲ್ಲಿ,” ಎಂದು ಗೂಟ ಹಿಡಿದು ಕಲ್ಲು ತಿರುಗಿಸಿದಳು.

ಬಲಗೈಯಲ್ಲಿ ಗೂಟ. ಬಲಗಡೆಯಿಂದ ಮುಂದಕ್ಕೆ ಗೋಡೆಯ ಕಡೆ ನೂಕಿದಳು, ಅಲ್ಲಿಂದ ಎಡಕ್ಕೆ, ಎಡದಿಂದ ತನ್ನ ಮಡಿಲ ಕಡೆಗೆ ಎಳೆದುಕೊಂಡಳು, ಮತ್ತೆ ಬಲಕ್ಕೆ. ಅವ್ವ ಬಡಗಲಿಗೆ ಮುಖ ಮಾಡಿ ಕೂರುವವಳು. ಅವಳ ಬಲಕ್ಕೆ ಮೂಡಲು. ಮೂಡಲಿನಿಂದ ಬಡಗಲಿಗೆ, ಅಲ್ಲಿಂದ ಪಡುವಲಿಗೆ, ಅಲ್ಲಿಂದ ತೆಂಕಲಿಗೆ. ಎಡಸುತ್ತು. ನಾನು ಹುಟ್ಟಿದಾಗಿನಿಂದ ದಿನಾ ಬೆಳಿಗ್ಗೆ ನನ್ನ ತಲೆಯ ಪಕ್ಕದಲ್ಲೇ ನೂರಾರು ಎಡಸುತ್ತು. ನಾನು ಎದ್ದು ಕೂತೆ.

“ಬಲಕ್ಕೆ ತಿರುಗುಸಿದ್ರೆ?”

“ಇಟ್ಟು ತರಿತರಿ ಆಯ್ತದ. ಕಲ್ಲು ಕುಟ್ಟೋನು ಇಂಗೇ ತಿರುಗ್ಲಿ ಅಂತ ಕುಟ್ಟವ್ನೆ.” ಸೆರಗಿನಿಂದ ಕೈ ಒರೆಸಿಕೊಂಡು ಆಚೆ ಸರಿದಳು. “ಬಾ, ಕೂತ್ಕ. ನಿನ್ ಲೆಕ್ಕ ಎಲ್ಲಾನೂ ಇದ್ರ ಮೇಲೆ ಬೀಸಾಕು.”

ಕಲ್ಲಿನ ನಡುವಿನ ಗೂಟದಿಂದ ಅಂಚಿನ ತನಕ ಒಂದು ಕಡ್ಡಿ ಇಟ್ಟೆ, ಅದಕ್ಕೆ ಉಗುರಿನಲ್ಲಿ ಹತ್ತು ಗುರುತು. ಕಲ್ಲಿನ ಸುತ್ತ ನೆಲದಲ್ಲಿ ಇದ್ದಿಲಿನಿಂದ ಹನ್ನೆರಡು ಗೆರೆ. ಕೈಗೆ ಸಿಗುವ ಗೂಟ ಬಲಗಡೆ ಇದ್ದಾಗ ಸೊನ್ನೆ. ಅಲ್ಲಿಂದ ನೂಕುವುದು, ನಿಲ್ಲಿಸುವುದು, ನೋಡುವುದು. ಮೂವತ್ತಕ್ಕೆ ಗೂಟ ಗೋಡೆಯ ಕಡೆ ಹೋಯಿತು. ಮೇಲೆ. ಪ್ಲಸ್ ಐದು. ಪುಸ್ತಕದ ಸೂತ್ರ ಹೇಳಿದ್ದೂ ಅದೇ. ನನಗೆ ಕಣ್ಣಲ್ಲಿ ನೀರು ಬಂತು, ಅದನ್ನು ಅವ್ವ ನೋಡದಿರಲಿ ಎಂದು ಇನ್ನೊಂದು ಸುತ್ತು ಸುಮ್ಮನೆ ಬೀಸಿದೆ. ವಿಲೋಮದ ಲೆಕ್ಕಕ್ಕೆ ಬಂದಾಗ ಮತ್ತೆ ಆ ಮೂವತ್ತರಲ್ಲಿ ಸಿಕ್ಕಿಕೊಂಡೆ. ಅವ್ವ ಒಲೆಗೆ ಸೌದೆ ಹಾಕುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ.

“ಗೂಟ ಗ್ವಾಡೆ ಕಡೆ ಅದಾ, ನಿನ್ ಮಡ್ಲ ಕಡೆ ಅದಾ ಅಂತ ಮೊದ್ಲು ನೋಡು. ನೋಡ್ದೆ ಯಾರಾದ್ರೂ ಕೈ ಆಕ್ತಾರಾ?”

ಎರಡೂ ಮೈನಸ್ ಎಂದರೆ ಗೂಟ ಎಡಕ್ಕಿದೆ, ನನ್ನ ಮಡಿಲ ಕಡೆ ಇದೆ. ಹಾಗಾದರೆ ಅದು ಮೂವತ್ತಲ್ಲ, ಅರ್ಧ ಸುತ್ತು ದಾಟಿ ಇನ್ನೊಂದು ಮೂವತ್ತು, ಇನ್ನೂರ ಹತ್ತು. ಇಪ್ಪತ್ತು ಲೆಕ್ಕ ಮುಗಿಯುವಷ್ಟರಲ್ಲಿ ಬಿಸಿಲು ಒಲೆಯ ತನಕ ಬಂದಿತ್ತು.

ಅಪ್ಪ ಊಟಕ್ಕೆ ಬಂದಾಗ ನಾನು ಹೊಸದಾಗಿ ನನಗೆ ನಾನೇ ಲೆಕ್ಕ ಕೊಟ್ಟುಕೊಂಡು ಕಲ್ಲು ತಿರುಗಿಸುತ್ತಿದ್ದೆ. ಅವನು ಬಾಗಿಲಲ್ಲಿ ನಿಂತ. ನೆಲದ ಮೇಲಿನ ಹನ್ನೆರಡು ಗೆರೆ ಅವನಿಗೆ ಕೂಡಲೇ ಗೊತ್ತಾಗಿರಬೇಕು. ಕಲ್ಲು ತಿರುಗುವುದನ್ನೂ ನೋಡಿದ. ಅವನ ಮುಖ ಗಟ್ಟಿಯಾಯಿತು.

“ಒಳಗೂ ಅದೇ ಸುತ್ತಾ?”

ಅವ್ವ ತಟ್ಟೆಗೆ ಮುದ್ದೆ ಹಾಕಿ ಅವನ ಮುಂದಿಟ್ಟು, ನನ್ನ ಕಡೆ ತಿರುಗಿದಳು.

“ಕೂಸೆ, ನಿಮ್ಮಪ್ಪನ್ನ ಕೇಳು. ಇಪ್ಪತ್ತು ವರ್ಸ ತಿಂದ ಇಟ್ಟು ಯಾವ್ ಸುತ್ತಿಂದ ಬಂತು ಅಂತ ಕೇಳು. ಕಣದಾಗೆ ಬಲಕ್ಕೆ ತಿರುಗಿ ಉದುರುದ್ ರಾಗಿನ ಅಂಗೇ ತಿಂದ್ರಾ ಅಂತ ಕೇಳು.”

ನಾನು ಕೇಳಲಿಲ್ಲ. ಕೇಳುವ ಅಗತ್ಯ ಇರಲಿಲ್ಲ. ಅಪ್ಪ ಕಲ್ಲನ್ನು ನೋಡಿದ, ಅವ್ವನ ಬಲಗೈಯನ್ನು ನೋಡಿದ. ಅವಳ ಅಂಗೈಯಲ್ಲಿ ಹೆಬ್ಬೆರಳಿನ ಬುಡದಲ್ಲಿ ಗೂಟ ಹಿಡಿದು ಹಿಡಿದು ಕಲ್ಲಿನಂಥ ಜಡ್ಡಿತ್ತು. ಅಪ್ಪ ಅದನ್ನು ಅದಕ್ಕೆ ಮುಂಚೆ ನೋಡಿದ್ದನೋ ಇಲ್ಲವೋ ನನಗೆ ತಿಳಿಯದು. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಿದ. ಪೂರ್ತಿ ಊಟ ಮುಗಿಸಿ, ನೀರು ಕುಡಿದು, ಎದ್ದು ನಿಂತು ನನಗೆ ಹೇಳಿದ.

“ಸಾರ್ನ ನಾಳಿಕ್ಕೆ ಬರೇಳು.”

“ಅಪ್ಪ, ನಾ ಅವತ್ತು ಅಂದದ್ದು—”

“ಬುಡು,” ಎಂದು ಕಣಕ್ಕೆ ಹೋದ.

ಶುಕ್ರವಾರ ಸಾರ್ ಬಂದರು. ಚಪ್ಪಲಿಯನ್ನು ಅಂಗಳದಾಚೆಯೇ ಬಿಟ್ಟು ಬಂದರು. ನನ್ನ ಇಪ್ಪತ್ತನ್ನು ನೋಡಿ, ಹೊಸ ಐದು ಕೊಟ್ಟು, ನಾನು ಕಲ್ಲಿನ ಮುಂದೆ ಕೂತು ಬಿಡಿಸುವುದನ್ನು ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದರು. ಆಮೇಲೆ ಅಂಗಳಕ್ಕೆ ಹೋಗಿ ಅಪ್ಪನ ಎದುರು ನಿಂತು, ಬಾಯಿತುಂಬ ಹೇಳಿದರು.

“ನಿಮ್ಮ ಮಗಳಿಗೆ ಲೆಕ್ಕ ಬರುತ್ತದೆ.”

ಪರೀಕ್ಷೆಯ ಹಾಲಿನಲ್ಲಿ ನನ್ನ ಬಲಗೈ ಬೆಂಚಿನ ಕೆಳಗೆ ಸುಮ್ಮನಿರಲಿಲ್ಲ. ಕಾವಲಿಗಿದ್ದ ಮೇಡಂ ಬಂದು ಬಗ್ಗಿ ನೋಡಿ, ಏನು ಮಾಡುತ್ತಿದ್ದೀಯ ಎಂದು ತಮಿಳಿನಲ್ಲಿ ಕೇಳಿದರು. ಬೀಸುತ್ತಿದ್ದೇನೆ ಎಂದೆ. ಕೈ ಮೇಲಿಟ್ಟುಕೊಂಡು ಬೀಸು ಎಂದು ಹೇಳಿ ಹೋದರು. ಸೀಟು ನನಗೇ ಬಂತು. ಆ ಸುದ್ದಿ ಬಂದ ದಿನ ಅಪ್ಪ ಟೀ ಅಂಗಡಿಯಲ್ಲಿ, ಬಸ್ಸಿನಲ್ಲಿ, ಒಡೆಯರ ಜಗಲಿಯಲ್ಲಿ, ಎಲ್ಲ ಕಡೆ “ನನ್ ಕಣದಾಗೆ ಕಲ್ತದ್ದು” ಎಂದು ಹೇಳಿಕೊಂಡು ಬಂದ. ಅಂದು ನಾನು ಆಡಿದ್ದ ಮಾತಿಗೆ ಇದೇ ಪರಿಹಾರ ಎಂದುಕೊಂಡು ನಾನೂ ಹೌದು ಎಂದೆ. ಮುಂದೆ ಮೈಕು ಹಿಡಿದಾಗಲೂ ಅದನ್ನೇ ಹೇಳಿದೆ. ಒಂದೆರಡು ಸಲ ಅವ್ವ ಮುಂದಿನ ಸಾಲಿನಲ್ಲೇ ಕೂತಿದ್ದಳು. ಎಲ್ಲರ ಜೊತೆ ತಾನೂ ಚಪ್ಪಾಳೆ ತಟ್ಟಿದಳು.

ಈಗ ನಮ್ಮೂರಲ್ಲಿ ಕಣ ಮಾಡುವವರಿಲ್ಲ. ರಾಗಿಯನ್ನು ಟಾರು ರಸ್ತೆಗೇ ಹರಡುತ್ತಾರೆ, ಬಸ್ಸು ಲಾರಿಗಳೇ ಒಕ್ಕಿಕೊಡುತ್ತವೆ. ಅಪ್ಪ ರಸ್ತೆ ಬದಿಯಲ್ಲಿ ಕುರ್ಚಿ ಹಾಕಿಕೊಂಡು, ಹರಡಿದ್ದು ಸರಿಯಿಲ್ಲ ಎಂದು ಹುಡುಗರಿಗೆ ಗದರುತ್ತಾನೆ. ಅವ್ವನ ಕೈ ಬೀಸಲಾರದು. ಮಿಲ್ಲಿನ ಹಿಟ್ಟನ್ನೇ ಬೈದುಕೊಂಡು ತಿನ್ನುತ್ತಾಳೆ. ಕಳೆದ ಪೊಂಗಲ್ ರಜೆಯಲ್ಲಿ ಹೋದಾಗ ಬೀಸುವ ಕಲ್ಲು ಹಿತ್ತಲಲ್ಲಿ ಬಿದ್ದಿತ್ತು, ಮೇಲೆ ಕೋಳಿ ಮಲಗಿತ್ತು. ಇದನ್ನು ಕಾರಿನಲ್ಲಿ ಹಾಕಿಕೊಂಡು ಹೋಗುತ್ತೇನೆ ಎಂದೆ.

“ಅದ್ಯಾಕೆ? ನಿಮ್ಮನೇಲಿ ಮಿಕ್ಸಿ ಅದಲ್ಲ.”

“ಶಾಲೆಗೆ.”

ಆಗ ಅವಳಿಗೆ ಮೊದಲ ಸಲ ಹೇಳಿದೆ. ಇಪ್ಪತ್ತು ವರ್ಷದಿಂದ, ಈ ಪಾಠ ಬಂದಾಗಲೆಲ್ಲ, ನಾನು ಬೋರ್ಡಿನಲ್ಲಿ ಚುಕ್ಕೆ ಇಡುವ ಮುಂಚೆ ಮಕ್ಕಳಿಗೆ ಬಲಗೈ ಚಾಚಿ ಗೂಟ ಹಿಡಿದುಕೊಳ್ಳಿ ಅನ್ನುತ್ತೇನೆ. ಇಲ್ಲದ ಗೂಟವನ್ನು. ಬಲಗಡೆಯಿಂದ ಮುಂದಕ್ಕೆ ನೂಕಿ, ಎಡದಿಂದ ಮಡಿಲಿಗೆ ಎಳೆದುಕೊಳ್ಳಿ ಅನ್ನುತ್ತೇನೆ. ಗೂಟ ಗೋಡೆ ಕಡೆ ಇದೆಯೋ ಮಡಿಲ ಕಡೆ ಇದೆಯೋ ನೋಡದೆ ಉತ್ತರ ಬರೆದವರನ್ನು ನಿಲ್ಲಿಸುತ್ತೇನೆ. ಇಡೀ ತರಗತಿ ಗಾಳಿಯಲ್ಲಿ ಬೀಸುತ್ತದೆ. ಇದನ್ನು ನನಗೆ ಕಲಿಸಿದವಳು ನೀನು ಎಂದು ಮಾತ್ರ ಯಾರಿಗೂ ಹೇಳಿಲ್ಲ, ತಪ್ಪಾಯಿತು ಎಂದೆ.

ಅವ್ವ ಕೋಳಿಯನ್ನು ಓಡಿಸಿ, ಕಲ್ಲಿನ ಮೇಲಿನ ಕಸವನ್ನು ಸೆರಗಿನಿಂದ ಒರೆಸಿದಳು.

“ಎಲ್ಲಾ ಮಕ್ಳೂನಾ?”

“ಎಲ್ಲಾ ಮಕ್ಳೂ ಕಣವ್ವ. ಅರವತ್ ಜನ. ಗಂಡು ಐಕ್ಳೂ ಸೈತ.”

ಅವಳು ಬಲ ಅಂಗೈಯ ಜಡ್ಡನ್ನು ಎಡಗೈಯ ಬೆರಳಿನಿಂದ ಸವರುತ್ತಾ ಕೂತಿದ್ದಳು. ಆಮೇಲೆ ನನ್ನ ಮುಖ ನೋಡಿ ಹೇಳಿದಳು.

“ಮೆಲ್ಲಕ್ಕೆ ಬೀಸಕ್ಕೇಳು. ಕೈ ನೋಯ್ತದ ಮಕ್ಳಿಗೆ.”